ಹಿಪ್ ಹಾಪ್, ಅಂದರೆ ರ್ಯಾಪ್ ಹಾಡಿನ ಸಂಗೀತದ, ಕಲಾವಿದರು ಇಷ್ಟು ಬೇಗ ಸಾಯುವುದು ಯಾಕೆ? ಬಂಡಾಯದ ಸಂಗೀತ ಅನ್ನುವ ಕಾರಣಕ್ಕಾ?

ಬಂಡಾಯದ ಹಾಡು ಹಾಡಿದ್ದಕ್ಕೇ ಸತ್ತರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆ ಹಾಡು ಎಲ್ಲಿಂದ ಬಂತು ಅಂತ ನೋಡಬೇಕು. 1973ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯನ್ನು ಹಿಪ್ ಹಾಪ್ ಹುಟ್ಟು ಅನ್ನುತ್ತಾರೆ. ಆಗ ಅಲ್ಲಿ ಬಡತನ ಜಾಸ್ತಿ, ಕಟ್ಟಡಗಳು ಸುಟ್ಟು ಹಾಳುಬಿದ್ದಿದ್ದವು. ಮುಂದೆ ಕ್ಯಾಲಿಫೋರ್ನಿಯಾದ ಕಾಂಪ್ಟನ್‌ನ ಎನ್.ಡಬ್ಲ್ಯು.ಎ. ತಂಡ ಪೊಲೀಸರ ದಬ್ಬಾಳಿಕೆ ಬಗ್ಗೆ ಹಾಡಿದಾಗ, 1989ರಲ್ಲಿ ಎಫ್‌ಬಿಐ ಅಧಿಕಾರಿಯೊಬ್ಬರು ಅವರ ರೆಕಾರ್ಡ್ ಕಂಪನಿಗೆ ಆಕ್ಷೇಪದ ಪತ್ರವನ್ನೇ ಬರೆದರು.

ರ್ಯಾಪರ್ ಟೂಪಾಕ್ ಶಕೂರ್‌ನನ್ನೇ ನೋಡಿ. ಅವನ ತಾಯಿ ಅಫೇನಿ ಕರಿಯರ ಹಕ್ಕಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು, ಮಗ ಹೊಟ್ಟೆಯಲ್ಲಿದ್ದಾಗಲೇ ಜೈಲು ಕಂಡವರು, 1971ರಲ್ಲಿ ಖುಲಾಸೆಯಾದ ಒಂದು ತಿಂಗಳಿಗೆ ಅವನು ಹುಟ್ಟಿದ. ಸಿಟ್ಟು ಮನೆಯಲ್ಲೇ ಇತ್ತು, ಅಲ್ವಾ? 1996ರಲ್ಲಿ ಲಾಸ್ ವೇಗಸ್‌ನಲ್ಲಿ ಗುಂಡೇಟು ಬಿದ್ದು ಸತ್ತಾಗ ಅವನಿಗೆ 25. ಆರು ತಿಂಗಳಾಗುವಷ್ಟರಲ್ಲಿ ಇನ್ನೊಬ್ಬ ರ್ಯಾಪರ್ ನಟೋರಿಯಸ್ ಬಿ.ಐ.ಜಿ. ಕೂಡ ಹಾಗೇ ಹೋದ, ಅವನಿಗೆ ಬರೀ 24. ಇವರನ್ನು ಕೊಂದಿದ್ದು ಹಾಡಲ್ಲ. ಸುಲಭಕ್ಕೆ ಸಿಗುವ ಬಂದೂಕು, ಗ್ಯಾಂಗ್ ದ್ವೇಷ, ಹೆಸರು ಬಂದ ಮೇಲೂ ಬೆನ್ನು ಬಿಡದ ಹಳೇ ಬೀದಿ. ರ್ಯಾಪರ್ ನಿಪ್ಸಿ ಹಸಲ್ 2019ರಲ್ಲಿ ಗುಂಡಿಗೆ ಸತ್ತಿದ್ದು ತನ್ನದೇ ಏರಿಯಾದ ತನ್ನದೇ ಅಂಗಡಿ ಮುಂದೆ.

ಎಲ್ಲವೂ ಗುಂಡಿನ ಸಾವಲ್ಲ. ರ್ಯಾಪರ್‌ಗಳಾದ ಮ್ಯಾಕ್ ಮಿಲ್ಲರ್ 26ಕ್ಕೆ, ಜೂಸ್ ವರ್ಲ್ಡ್ 21ಕ್ಕೆ ಡ್ರಗ್ಸ್‌ನಿಂದ ಹೋದರು. ಎನ್.ಡಬ್ಲ್ಯು.ಎ. ತಂಡದ ಈಝಿ-ಇ ಸತ್ತಿದ್ದು ಏಡ್ಸ್‌ನಿಂದ. ನನಗೆ ತುಂಬಾ ಇಷ್ಟವಾದ ಸಂಗೀತ ನಿರ್ಮಾಪಕ ಜೆ ಡಿಲ್ಲಾ ರಕ್ತದ ಕಾಯಿಲೆಯಿಂದ ನರಳಿದ. 2006ರಲ್ಲಿ 32ನೇ ಹುಟ್ಟುಹಬ್ಬದ ದಿನ ಅವನ ಆಲ್ಬಮ್ ಬಂತು, ಮೂರು ದಿನಕ್ಕೆ ತೀರಿಹೋದ.