ಕಳುಹಿಸಿದ್ದೆಷ್ಟು, ತಲುಪಿದ್ದೆಷ್ಟು?

ಪ್ರಶ್ನೆ: ಮೇಡಂ, ಎರಡು ವರ್ಷಗಳಿಂದ ಹೊರದೇಶದಲ್ಲಿ ಕೆಲಸದಲ್ಲಿದ್ದೇನೆ. ಸಂಬಳ ಯೂರೋದಲ್ಲಿ ಬರುತ್ತದೆ, ತೀರಿಸಬೇಕಾದ ಮನೆ ಸಾಲ ಡಾಲರಿನಲ್ಲಿದೆ. ತಿಂಗಳಿಗೆ 2,000 ಯೂರೋ ಕಳುಹಿಸುತ್ತೇನೆ. ಬೆಳಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ವಿನಿಮಯ ದರ ನೋಡುವುದು ಅಭ್ಯಾಸವಾಗಿದೆ, ಆದರೆ ಅಲ್ಲಿ ಕಾಣುವ ದರ ನನಗೆ ಒಮ್ಮೆಯೂ ಸಿಕ್ಕಿಲ್ಲ. ಬ್ಯಾಂಕಿನವರು ‘ಶುಲ್ಕವೇ ಇಲ್ಲ’ ಎನ್ನುತ್ತಾರೆ. ಕಳೆದ ತಿಂಗಳು ದರ ಏರಲೆಂದು ಮೂರು ವಾರ ಕಾದು, ಕಂತು ತಡವಾಗಿ ದಂಡ ಕಟ್ಟಿದೆ. ಮುಂದಿನ ವರ್ಷ ಕೆಲಸ ಮುಗಿಸಿ ಹೊರಡುವಾಗ ಉಳಿತಾಯವನ್ನೆಲ್ಲ ಕಳುಹಿಸಬೇಕು. ಒಳ್ಳೆಯ ದರ ಪಡೆಯುವುದು ಹೇಗೆ?
— ಹೆಸರು ಬೇಡವೆಂದ ಓದುಗರು

ಉತ್ತರ: ನಾನು ಬ್ಯಾಂಕೊಂದರ ವಿದೇಶಿ ವಿನಿಮಯ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ದುಡಿದವಳು. ಪ್ರತಿ ತಿಂಗಳ ಮೊದಲ ವಾರ ಹಣ ಕಳುಹಿಸಲು ಬರುತ್ತಿದ್ದ ಒಬ್ಬ ಮಹಿಳೆಯ ಕೈಯಲ್ಲಿ ಸದಾ ಒಂದು ನೋಟ್‌ಬುಕ್ ಇರುತ್ತಿತ್ತು. ದಿನದಿನದ ದರವನ್ನು ಪೆನ್ಸಿಲಿನಲ್ಲಿ ಬರೆದಿಟ್ಟು, ಏರಿದ ದಿನವನ್ನೇ ಆರಿಸಿಕೊಂಡು ಬರುತ್ತಿದ್ದರು. ಆದರೆ ನಾವು ಕೊಟ್ಟ ರಸೀದಿಯಲ್ಲಿದ್ದ ದರವನ್ನು ಅವರು ಆ ನೋಟ್‌ಬುಕ್ಕಿನ ದರದ ಪಕ್ಕದಲ್ಲಿಟ್ಟು ನೋಡಲಿಲ್ಲ. ನೋಡಿ ಎಂದು ಹೇಳಬೇಕಾಗಿದ್ದ ನಾನು ಕೌಂಟರಿನ ಈಚೆ ಸುಮ್ಮನೆ ಕುಳಿತಿದ್ದೆ. ನಿಮ್ಮ ಪತ್ರ ಓದಿದಾಗ ಮೊದಲು ನೆನಪಾದದ್ದು ಅವರೇ.

ಮೊಬೈಲಿನಲ್ಲಿ ನಿಮಗೆ ಕಾಣುವುದು ಮಾರುಕಟ್ಟೆಯ ಮಧ್ಯ ದರ. ದೊಡ್ಡ ಬ್ಯಾಂಕುಗಳು ಪರಸ್ಪರ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಬಿಂದು ಅದು. ನಮಗೆ ಕೊಡುವಾಗ ಬ್ಯಾಂಕು ಅದರಿಂದ ಒಂದಿಷ್ಟನ್ನು ಇಳಿಸುತ್ತದೆ. ಆ ಇಳಿಕೆಯೇ ಅವರ ಲಾಭ, ರಸೀದಿಯಲ್ಲಿ ಅದಕ್ಕೆ ಪ್ರತ್ಯೇಕ ಸಾಲು ಇರುವುದು ಅಪರೂಪ. ‘ಶುಲ್ಕವಿಲ್ಲ’ ಎಂಬ ಮಾತು ಸುಳ್ಳಲ್ಲದಿರಬಹುದು, ಆದರೆ ಪೂರ್ತಿ ನಿಜವೂ ಅಲ್ಲ.

ಲೆಕ್ಕ ಹಾಕಿ ನೋಡೋಣ. ಉದಾಹರಣೆಗೆ ಮಧ್ಯ ದರ ಒಂದು ಯೂರೋಗೆ 1.10 ಡಾಲರ್ ಎಂದಿಟ್ಟುಕೊಳ್ಳಿ. ನಿಮ್ಮ 2,000 ಯೂರೋಗೆ 2,200 ಡಾಲರ್ ಆಗಬೇಕು. ಶುಲ್ಕವಿಲ್ಲದ ಬ್ಯಾಂಕು 1.067 ದರ ಕೊಟ್ಟರೆ ತಲುಪುವುದು 2,134. ಇನ್ನೊಂದು ಸಂಸ್ಥೆ 12 ಯೂರೋ ಶುಲ್ಕ ಹಿಡಿದು, ಉಳಿದ 1,988 ಯೂರೋಗೆ 1.095 ದರ ಕೊಟ್ಟರೆ ತಲುಪುವುದು ಸುಮಾರು 2,177. ಶುಲ್ಕ ಕೇಳಿದವರ ಮೂಲಕವೇ 43 ಡಾಲರ್ ಹೆಚ್ಚು ಬಂತು. ಹನ್ನೆರಡು ತಿಂಗಳಿಗೆ ಅದು 500 ಡಾಲರ್ ದಾಟುತ್ತದೆ. ಹಾಗೆಂದು ಎರಡನೆಯದೇ ಸದಾ ಮೇಲು ಎಂದುಕೊಳ್ಳಬೇಡಿ. ಕಳುಹಿಸುವುದು ಬರೀ 100 ಯೂರೋ ಆಗಿದ್ದರೆ ಮೊದಲನೆಯವರಿಂದ 106.70 ಡಾಲರ್, ಎರಡನೆಯವರಿಂದ 96.36 ಮಾತ್ರ. ಸ್ಥಿರ ಶುಲ್ಕ ಸಣ್ಣ ಮೊತ್ತವನ್ನು ತಿನ್ನುತ್ತದೆ, ದರದ ಇಳಿಕೆ ದೊಡ್ಡ ಮೊತ್ತವನ್ನು ತಿನ್ನುತ್ತದೆ.

ಆದ್ದರಿಂದ ‘ಇವತ್ತು ದರ ಎಷ್ಟು’ ಎಂದು ಕೇಳುವುದನ್ನು ಬಿಡಿ. ‘ನನ್ನ ಖಾತೆಯಿಂದ ಒಟ್ಟು 2,000 ಯೂರೋ ಹೋದರೆ ಆ ಕಡೆಯ ಖಾತೆಗೆ ಎಷ್ಟು ಡಾಲರ್ ಬೀಳುತ್ತದೆ’ ಎಂದು ಕೇಳಿ. ಮೂರು ಕಡೆ, ಒಂದೇ ಹೊತ್ತಿನಲ್ಲಿ ಕೇಳಬೇಕು. ಬೆಳಗ್ಗೆ ಒಬ್ಬರನ್ನು, ಸಂಜೆ ಮತ್ತೊಬ್ಬರನ್ನು ಕೇಳಿದರೆ ಅಷ್ಟರಲ್ಲಿ ಮಾರುಕಟ್ಟೆಯೇ ಸರಿದಿರುತ್ತದೆ. ವಿಶ್ವ ಬ್ಯಾಂಕ್ ಹಲವು ದೇಶಗಳ ನಡುವಿನ ಹಣ ರವಾನೆಯ ವೆಚ್ಚವನ್ನು ಹೀಗೆಯೇ, ಶುಲ್ಕ ಮತ್ತು ದರದ ಇಳಿಕೆ ಎರಡನ್ನೂ ಕೂಡಿಸಿ ಅಳೆಯುತ್ತದೆ. 200 ಡಾಲರ್ ಕಳುಹಿಸುವ ಸರಾಸರಿ ವೆಚ್ಚ ಶೇಕಡ 6ರ ಆಸುಪಾಸಿನಲ್ಲಿದೆ. 2030ರೊಳಗೆ ಅದನ್ನು ಶೇಕಡ 3ಕ್ಕಿಂತ ಕೆಳಗೆ ತರಬೇಕೆಂಬುದು ವಿಶ್ವಸಂಸ್ಥೆಯ ಗುರಿ. ಹಣ ರವಾನಿಸುವ ಸಂಸ್ಥೆಗಳಲ್ಲಿ ಬ್ಯಾಂಕುಗಳೇ ಹೆಚ್ಚು ದುಬಾರಿ. ಬ್ಯಾಂಕಿನಲ್ಲಿದ್ದವಳಾಗಿಯೇ ಇದನ್ನು ಹೇಳುತ್ತಿದ್ದೇನೆ.

ದಾರಿಯಲ್ಲಿ ಸೋರುವ ಹಣವೂ ಇದೆ. ಬ್ಯಾಂಕುಗಳ ನಡುವಿನ ಅಂತಾರಾಷ್ಟ್ರೀಯ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ ಹೋಗುವ ರವಾನೆ ನಡುವೆ ಒಂದೋ ಎರಡೋ ಮಧ್ಯವರ್ತಿ ಬ್ಯಾಂಕುಗಳನ್ನು ಹಾಯಬಹುದು, ಅವು ತಮ್ಮ ಪಾಲನ್ನು ಕಡಿದುಕೊಳ್ಳಬಹುದು. ಅರ್ಜಿಯಲ್ಲಿ ಶುಲ್ಕ ಯಾರದ್ದು ಎಂಬ ಆಯ್ಕೆ ಇರುತ್ತದೆ: ಎಲ್ಲವೂ ಕಳುಹಿಸುವವರದ್ದು, ಹಂಚಿಕೆ, ಅಥವಾ ಎಲ್ಲವೂ ಪಡೆಯುವವರದ್ದು. ನಿಮ್ಮದು ಸಾಲದ ಕಂತು, ಹದಿನೈದು ಡಾಲರ್ ಕಡಿಮೆ ಬಿದ್ದರೂ ಅದು ಬಾಕಿಯಾಗಿ ನಿಲ್ಲಬಹುದು. ಮೊದಲನೆಯದನ್ನು ಆರಿಸಿ, ಇಲ್ಲವೇ ಆ ಖಾತೆಯಲ್ಲಿ ಒಂದು ಕಂತಿನಷ್ಟು ಹಣವನ್ನು ಸದಾ ಉಳಿಸಿಡಿ. ಹೀಗೆ ಹಣ ಉಳಿಸಿಡುವ ಮಾರ್ಗವೇ ನನಗೆ ಹೆಚ್ಚು ಇಷ್ಟ, ಏಕೆಂದರೆ ಅದರಿಂದ ನಿಮ್ಮ ಬೆಳಗಿನ ಆತಂಕವೂ ಇಳಿಯುತ್ತದೆ. ಯೂರೋವನ್ನೇ ಕಳುಹಿಸಿ ಆ ಕಡೆಯ ಬ್ಯಾಂಕು ಬದಲಿಸಲಿ ಎಂದು ಬಿಟ್ಟರೆ ದರವನ್ನು ಅವರೇ ನಿರ್ಧರಿಸುತ್ತಾರೆ, ಹಣ ಬಿದ್ದ ಮೇಲೆಯೇ ನಿಮಗೆ ತಿಳಿಯುತ್ತದೆ. ಶನಿವಾರ, ಭಾನುವಾರ ಮಾರುಕಟ್ಟೆ ಮುಚ್ಚಿರುವುದರಿಂದ ಕೆಲವು ಸಂಸ್ಥೆಗಳು ದರವನ್ನು ಇನ್ನಷ್ಟು ಇಳಿಸುತ್ತವೆ. ವಾರದ ನಡುವೆ ಕಳುಹಿಸಿ. ಕ್ರೆಡಿಟ್ ಕಾರ್ಡಿನಿಂದ ಮಾತ್ರ ಬೇಡ, ನಗದು ಮುಂಗಡವೆಂದು ಲೆಕ್ಕ ಹಿಡಿದು ಅಂದಿನಿಂದಲೇ ಬಡ್ಡಿ ಹಾಕುವುದುಂಟು.

ಇನ್ನು ಕಾಯುವ ವಿಚಾರ. ತಿಂಗಳ ಕಂತಿಗಾಗಿ ಕಾಯಬೇಡಿ. 2015ರ ಜನವರಿ 15ರಂದು ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕು, ಒಂದು ಯೂರೋಗೆ ಕನಿಷ್ಠ 1.20 ಫ್ರಾಂಕ್ ಎಂಬ ಮಿತಿಯನ್ನು ಮುನ್ಸೂಚನೆಯಿಲ್ಲದೆ ಕೈಬಿಟ್ಟಿತು. ನಿಮಿಷಗಳಲ್ಲಿ ಫ್ರಾಂಕ್ ಜಿಗಿಯಿತು. ದಿನವಿಡೀ ಪರದೆಯ ಮುಂದೆ ಕೂರುವ ವೃತ್ತಿಪರರಲ್ಲೇ ಅನೇಕರು ಅಂದು ಭಾರೀ ನಷ್ಟ ಅನುಭವಿಸಿದರು. ನೀವೂ ನಾನೂ ಮೊಬೈಲ್ ನೋಡಿ ಅಂಥದ್ದನ್ನು ಊಹಿಸಲಾರೆವು. ನೀವು ಕಟ್ಟಿದ ದಂಡವನ್ನು ಮೂರು ವಾರಗಳಲ್ಲಿ ಆದ ದರದ ವ್ಯತ್ಯಾಸದ ಜೊತೆ ಇಟ್ಟು ನೋಡಿ, ಯಾವುದು ದೊಡ್ಡದೆಂದು ತಿಳಿಯುತ್ತದೆ.

ಹೊರಡುವಾಗಿನ ದೊಡ್ಡ ಮೊತ್ತಕ್ಕೆ ಮಾತ್ರ ಯೋಜನೆ ಬೇಕು. ನಾನಾಗಿದ್ದರೆ ನಾಲ್ಕು ಭಾಗ ಮಾಡಿ, ಎರಡೆರಡು ತಿಂಗಳಿಗೊಮ್ಮೆ ಕಳುಹಿಸುತ್ತೇನೆ. ಅತ್ಯುತ್ತಮ ದರ ಪೂರ್ತಿ ಮೊತ್ತಕ್ಕೆ ಸಿಗುವುದಿಲ್ಲ, ಅತಿ ಕೆಟ್ಟ ದರವೂ ಪೂರ್ತಿಗೆ ತಟ್ಟುವುದಿಲ್ಲ. ದೊಡ್ಡ ಮೊತ್ತವಾದ್ದರಿಂದ ಧೈರ್ಯವಾಗಿ ಚೌಕಾಸಿ ಮಾಡಿ. ಬೇರೆ ಸಂಸ್ಥೆ ಲಿಖಿತವಾಗಿ ಕೊಟ್ಟ ದರವನ್ನು ತೋರಿಸಿದಾಗ ನಮ್ಮ ವಿಭಾಗವೇ ಎಷ್ಟೋ ಸಲ ದರ ಸುಧಾರಿಸಿದೆ. ಕೇಳದವರಿಗೆ ನಾವಾಗಿ ಕೊಟ್ಟದ್ದಿಲ್ಲ. ಇಂದಿನ ದರವನ್ನು ಆಧರಿಸಿ ಮುಂದಿನ ದಿನಾಂಕಕ್ಕೆ ದರ ಗೊತ್ತುಮಾಡಿಕೊಳ್ಳುವ ಫಾರ್ವರ್ಡ್ ಒಪ್ಪಂದವೂ ಇದೆ, ಅದಕ್ಕೆ ಸಾಮಾನ್ಯವಾಗಿ ಠೇವಣಿ ಇಡಬೇಕು. ನಿಮ್ಮ ಕೆಲಸ ಮುಗಿಯುವ ದಿನ ಮುಂದೆ ಹೋದರೂ ಒಪ್ಪಂದ ನಿಮ್ಮನ್ನು ಬಿಡುವುದಿಲ್ಲ, ಆದ್ದರಿಂದ ದಿನಾಂಕ ಖಚಿತವಾಗದೆ ಸಹಿ ಹಾಕಬೇಡಿ. ಸಂಬಳದ ಚೀಟಿಗಳನ್ನೂ ತೆರಿಗೆ ಪತ್ರಗಳನ್ನೂ ಈಗಿನಿಂದಲೇ ಜೋಡಿಸಿಡಿ. ಹಣದ ಮೂಲ ಕೇಳಿ ರವಾನೆಯನ್ನು ವಾರಗಟ್ಟಲೆ ತಡೆಹಿಡಿಯುವುದುಂಟು. ಮೊದಲು ಸಣ್ಣ ಮೊತ್ತ ಕಳುಹಿಸಿ, ತಲುಪಿದ್ದು ಖಚಿತವಾದ ಮೇಲೆ ಉಳಿದದ್ದು.

ಪ್ರಶ್ನೆ: ಪರಿಚಯದವರೊಬ್ಬರು ನನ್ನಿಂದ ಇಲ್ಲಿ ನಗದು ಪಡೆದು, ಮಧ್ಯ ದರಕ್ಕಿಂತಲೂ ಹೆಚ್ಚಿನ ದರದಲ್ಲಿ ನನ್ನ ಖಾತೆಗೆ ಆ ಕಡೆ ಹಣ ಹಾಕಿಸುತ್ತೇನೆ ಎನ್ನುತ್ತಾರೆ. ಒಪ್ಪಬಹುದೇ?
— ಒಬ್ಬ ಓದುಗ

ಉತ್ತರ: ಬೇಡ. ಮಧ್ಯ ದರಕ್ಕಿಂತ ಹೆಚ್ಚು ಕೊಟ್ಟು ಯಾರೂ ವ್ಯಾಪಾರ ಮಾಡಲಾರರು, ಆ ಹೆಚ್ಚುವರಿ ಬೇರೆ ಎಲ್ಲಿಂದಲೋ ಬರುತ್ತಿರಬೇಕು. ನಿಮ್ಮ ಖಾತೆಗೆ ಬೀಳುವುದು ನಿಮಗೆ ಗೊತ್ತಿಲ್ಲದವರ ಖಾತೆಯ ಹಣ. ಅದು ವಂಚನೆಯ ಹಣವಾಗಿದ್ದರೆ ಪೊಲೀಸರು ನಿಮ್ಮ ಖಾತೆಯನ್ನೇ ಸ್ತಂಭನಗೊಳಿಸಬಹುದು, ಆಗ ತೋರಿಸಲು ನಿಮ್ಮ ಬಳಿ ಆ ಪರಿಚಯದವರು ಕೊಟ್ಟ ಒಂದು ರಸೀದಿಯೂ ಇರುವುದಿಲ್ಲ. ಪರವಾನಗಿ ಪಡೆದ ಸಂಸ್ಥೆಗಳ ಪಟ್ಟಿಯನ್ನು ನೀವಿರುವ ದೇಶದ ಹಣಕಾಸು ನಿಯಂತ್ರಕರು ಪ್ರಕಟಿಸಿರುತ್ತಾರೆ. ಅದರಲ್ಲಿ ಹೆಸರಿರುವವರ ಮೂಲಕವೇ ಕಳುಹಿಸಿ.