ವಿದೇಶಿ ಲೀಗ್‌ಗಳಲ್ಲಿ ಆಡುವ ಆಟಗಾರರಿಂದ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ತಂಡಕ್ಕೆ ಲಾಭವೇ, ನಷ್ಟವೇ?

ಒಟ್ಟಾರೆ ಲಾಭವೇ. ಆದರೆ ಆ ಲಾಭ ತಾನಾಗಿ ಬರುವುದಿಲ್ಲ.

ಅರ್ಜೆಂಟೀನಾವನ್ನೇ ನೋಡಿ. 2004ರ ಅಥೆನ್ಸ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಅಮೆರಿಕವನ್ನು 89-81ರಿಂದ ಸೋಲಿಸಿ, ಕೊನೆಗೆ ಚಿನ್ನ ಗೆದ್ದ ಆ ತಂಡದ ಮುಖ್ಯ ಆಟಗಾರರು ಇಟಲಿ, ಸ್ಪೇನ್‌ಗಳಲ್ಲಿ ಮತ್ತು ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಪಳಗಿದವರು. ವರ್ಷವಿಡೀ ತಮಗಿಂತ ಬಲಿಷ್ಠರ ಎದುರು ಆಡಿದವರಿಗೆ ದೊಡ್ಡ ಪಂದ್ಯದ ಒತ್ತಡ ಹೊಸದಲ್ಲ. ದಕ್ಷಿಣ ಸುಡಾನ್ 2024ರ ಪ್ಯಾರಿಸ್ ಒಲಿಂಪಿಕ್ಸ್ ತಲುಪಿದ್ದಂತೂ ಬಹುತೇಕ ಹೊರದೇಶಗಳಲ್ಲಿ ಬೆಳೆದ ಆಟಗಾರರಿಂದಲೇ. ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಉದಾಹರಣೆ ಅದು.

ತೊಡಕು ಇರುವುದು ಲಭ್ಯತೆಯಲ್ಲಿ. 2017ರಿಂದ ವಿಶ್ವಕಪ್ ಅರ್ಹತಾ ಪಂದ್ಯಗಳು ನವೆಂಬರ್, ಫೆಬ್ರವರಿಯಲ್ಲೂ ನಡೆಯುತ್ತಿವೆ. ಆಗ ಎನ್‌ಬಿಎ ಋತು ಜೋರಾಗಿ ಸಾಗಿರುತ್ತದೆ, ಅಲ್ಲಿನವರು ಬರಲಾಗುವುದಿಲ್ಲ. ಆದ್ದರಿಂದ ಅರ್ಹತೆ ತಂದುಕೊಡುವವರು ಒಬ್ಬರು, ಮುಖ್ಯ ಟೂರ್ನಿ ಆಡುವವರು ಇನ್ನೊಬ್ಬರು ಎಂಬಂತಾಗುತ್ತದೆ. ಬೇಸಿಗೆಯಲ್ಲೂ ದಣಿವು, ಗಾಯ, ಒಪ್ಪಂದದ ಚಿಂತೆ ಕಾಡುತ್ತವೆ. 2023ರ ವಿಶ್ವಕಪ್‌ಗೆ ಸರ್ಬಿಯಾದ ಎನ್‌ಬಿಎ ತಾರೆ ನಿಕೋಲಾ ಯೋಕಿಚ್ ಬರಲಿಲ್ಲ. ಆದರೂ ಅವರ ತಂಡ ಫೈನಲ್ ಮುಟ್ಟಿತು ಎಂಬುದನ್ನು ಮರೆಯಬಾರದು: ಒಬ್ಬ ತಾರೆಗಿಂತ ಆಟದ ಪದ್ಧತಿ ದೊಡ್ಡದು.

ನಿಯಮಗಳೂ ಬೇರೆ. ಎನ್‌ಬಿಎ ಪಂದ್ಯ 48 ನಿಮಿಷ, ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ಪಂದ್ಯ 40. ಫಿಬಾದಲ್ಲಿ ಡಿಫೆಂಡರ್ ಬುಟ್ಟಿಯ ಕೆಳಗೇ ನಿಂತಿರಬಹುದು, ಹಾಗಾಗಿ ಒಳನುಗ್ಗುವುದು ಕಷ್ಟ. ಹೊಂದಿಕೊಳ್ಳಲು ಒಟ್ಟಿಗೆ ಅಭ್ಯಾಸ ಬೇಕೇ ಬೇಕು. ಜರ್ಮನಿಯ ಆಗಿನ ಕೋಚ್ ಗಾರ್ಡನ್ ಹರ್ಬರ್ಟ್ ಆಟಗಾರರಿಂದ ಮೂರು ಬೇಸಿಗೆಗಳ ಬದ್ಧತೆ ಕೇಳಿದ್ದು ಇದಕ್ಕೇ. 2023ರಲ್ಲಿ ಆ ತಂಡ ಸರ್ಬಿಯಾವನ್ನು 83-77ರಿಂದ ಮಣಿಸಿ ವಿಶ್ವಕಪ್ ಗೆದ್ದಿತು.