ಉರಿಯೂ ಇಲ್ಲ, ನೋವೂ ಇಲ್ಲ, ಆದರೂ ಟೆಸ್ಟ್ ಬೇಕಾ?

ಪ್ರಶ್ನೆ: ನನಗೆ 27 ವರ್ಷ. ಊರು ಕುಮಟಾ ಹತ್ತಿರ, ಕೆಲಸ ಗೋವಾದ ಹೋಟೆಲಿನಲ್ಲಿ. ಅಲ್ಲಿ ಒಬ್ಬಳ ಜೊತೆ ಸಂಬಂಧವಿತ್ತು, ಎರಡು ತಿಂಗಳ ಹಿಂದೆ ಮುಗಿಯಿತು. ಮೊನ್ನೆ ಫೋನ್ ಮಾಡಿ, ತನಗೆ ಕ್ಲಮೈಡಿಯಾ ಅನ್ನೋ ಲೈಂಗಿಕ ಸೋಂಕು ಇದೆ, ನೀನೂ ಟೆಸ್ಟ್ ಮಾಡಿಸು ಅಂದಳು. ನನಗೆ ಏನೂ ತೊಂದರೆ ಇಲ್ಲ. ಇಲ್ಲಿ ಲ್ಯಾಬಿನವರೆಲ್ಲ ಪರಿಚಯದವರು, ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಗೊಂಡರೆ ಸಾಲದಾ?
– ಹೆಸರು ಬೇಡ

ಉತ್ತರ: ಸಾಲದು. ಕ್ಲಮೈಡಿಯಾ ಬಂದವರಲ್ಲಿ ಹೆಚ್ಚಿನವರಿಗೆ ಏನೂ ಗೊತ್ತಾಗುವುದೇ ಇಲ್ಲ. ಉರಿಮೂತ್ರ ಇಲ್ಲ, ಕೀವು ಇಲ್ಲ, ಆದರೂ ಇನ್ನೊಬ್ಬರಿಗೆ ದಾಟುತ್ತದೆ. ಹೆಂಗಸರಲ್ಲಿ ಹಾಗೇ ಬಿಟ್ಟರೆ ಗರ್ಭನಾಳ ಹಾಳಾಗಿ ಮಕ್ಕಳಾಗುವುದೇ ಕಷ್ಟವಾಗಬಹುದು. ಮದುವೆಯ ಮಾತು ನಡೆದಿರುವಾಗ ಯೋಚಿಸಬೇಕಾದದ್ದು ಇದನ್ನೇ ಅಲ್ವಾ? ಫೋನ್ ಮಾಡಿ ತಿಳಿಸಿದ ಆ ಹುಡುಗಿಯ ಮೇಲೆ ಸಿಟ್ಟಾಗಬೇಡಿ, ಎಷ್ಟೋ ಜನ ಅಷ್ಟೂ ಮಾಡುವುದಿಲ್ಲ.

ಟೆಸ್ಟ್ ಅಂದರೆ ಮೂತ್ರ ಕೊಡುವುದು, ಅಷ್ಟೇ. ಒಂದು ಗಂಟೆಯಾದರೂ ಮೂತ್ರಕ್ಕೆ ಹೋಗದೆ ಇದ್ದು, ಮೊದಲು ಬರುವ ಮೂತ್ರವನ್ನೇ ಹಿಡಿದು ಕೊಡಬೇಕು, ಮೂತ್ರದ ಸೋಂಕಿನ ಪರೀಕ್ಷೆಗೆ ಕೊಟ್ಟ ಹಾಗೆ ನಡುವಿನದ್ದಲ್ಲ. ಕೊರೊನಾ ಕಾಲದಲ್ಲಿ ಕೇಳಿದ್ದೀರಲ್ಲ, ಪಿಸಿಆರ್, ಅದೇ ಬಗೆಯ ಪರೀಕ್ಷೆ. ಸಣ್ಣ ಲ್ಯಾಬುಗಳು ಸ್ಯಾಂಪಲ್ಲನ್ನು ದೊಡ್ಡ ಊರಿಗೆ ಕಳಿಸುವುದೂ ಉಂಟು, ಹಾಗಾಗಿ ರಿಪೋರ್ಟಿಗೆ ಕೆಲವು ದಿನ ಹಿಡಿಯಬಹುದು. ಸಂಪರ್ಕವಾಗಿ ಎರಡು ವಾರ ದಾಟಿದ್ದರೆ ಫಲಿತಾಂಶ ನಂಬಬಹುದು. ನಿಮ್ಮದು ದಾಟಿದೆ.

ಪರಿಚಯದವರ ಭಯವಿದ್ದರೆ ಕುಮಟಾದಲ್ಲೇ ಮಾಡಿಸಬೇಕೆಂದೇನೂ ಇಲ್ಲ, ಕಾರವಾರದ ಜಿಲ್ಲಾ ಆಸ್ಪತ್ರೆಗೆ ಹೋಗಿ. ಚರ್ಮದ ಡಾಕ್ಟರೇ ಲೈಂಗಿಕ ರೋಗದ ಡಾಕ್ಟರೂ ಹೌದು, ಅಲ್ಲಿ ಕೂತಿದ್ದನ್ನು ಯಾರಾದರೂ ನೋಡಿದರೆ ಗಜಕರ್ಣಕ್ಕೆ ಬಂದಿರಬೇಕು ಅಂದುಕೊಳ್ಳುತ್ತಾರೆ, ಮಳೆಗಾಲದ ಕರಾವಳಿಯಲ್ಲಿ ಅದಿಲ್ಲದ ಮನೆಯುಂಟಾ! ಲೈಂಗಿಕ ರೋಗಕ್ಕೆಂದೇ ಇರುವ ಸರ್ಕಾರದ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಸಲಹೆ, ಔಷಧ ಎರಡೂ ಉಚಿತ. ಜೊತೆಗೆ ಎಚ್‌ಐವಿ, ಸಿಫಿಲಿಸ್ ರಕ್ತ ಪರೀಕ್ಷೆಯನ್ನೂ ಮುಗಿಸಿ. ಎಚ್‌ಐವಿ ಈಗ ನೆಗೆಟಿವ್ ಬಂದರೂ, ಕೊನೆಯ ಸಂಪರ್ಕದಿಂದ 3 ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಬೇಕು. ಎಚ್‌ಐವಿ ರಿಪೋರ್ಟ್ ಗುಟ್ಟಾಗಿಡಬೇಕೆಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಹೋಗುವ ಮೊದಲು ಕೇಳುವುದಿದ್ದರೆ ಸರ್ಕಾರದ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.

ಮೆಡಿಕಲ್ ಶಾಪಿನ ಮಾತ್ರೆ ಬೇಡ ಅಂದದ್ದು ಯಾಕೆಂದರೆ, ಅವರು ಉರಿಮೂತ್ರಕ್ಕೆಂದು ಕೈಗೆ ಸಿಕ್ಕಿದ ಆಂಟಿಬಯಾಟಿಕ್ ಕೊಡುತ್ತಾರೆ, ರೋಗ ಪೂರ್ತಿ ಹೋಗುವುದಿಲ್ಲ, ಆಮೇಲೆ ಟೆಸ್ಟೂ ಸರಿಯಾಗಿ ಹೇಳುವುದಿಲ್ಲ. ಬಸ್‌ಸ್ಟ್ಯಾಂಡ್ ಗೋಡೆಯ 'ಗುಪ್ತರೋಗ ತಜ್ಞ'ರ ಬಗ್ಗೆ ನಾನು ಹೇಳಬೇಕಾಗಿಲ್ಲ. ಸಂಗಾತಿಗೆ ಖಚಿತವಾಗಿರುವುದರಿಂದ ಡಾಕ್ಟರು ರಿಪೋರ್ಟಿಗೆ ಕಾಯದೆ ಮಾತ್ರೆ ಶುರು ಮಾಡಬಹುದು. ಸಾಮಾನ್ಯವಾಗಿ ಕೊಡುವುದು ಡಾಕ್ಸಿಸೈಕ್ಲಿನ್, ದಿನಕ್ಕೆ ಎರಡು ಸಲ, 7 ದಿನ. ಲೋಟ ತುಂಬಾ ನೀರಿನ ಜೊತೆ ನುಂಗಿ, ನುಂಗಿದ ಕೂಡಲೇ ಮಲಗಬೇಡಿ. ಕೋರ್ಸ್ ಮುಗಿಯುವವರೆಗೆ ಯಾರ ಜೊತೆಗೂ ಸಂಪರ್ಕ ಬೇಡ. ರೋಗ ಇದ್ದದ್ದು ಖಚಿತವಾದರೆ 3 ತಿಂಗಳ ನಂತರ ಮತ್ತೊಮ್ಮೆ ಮೂತ್ರ ಪರೀಕ್ಷೆ ಮಾಡಿಸಿ.